ಜೋಳಿಗೆ ಗಾಣಗಾಪುರದಲ್ಲಿ ಮಾತ್ರ ಇರಲಿ

ಗಾಣಗಾಪುರಕ್ಕೆ ಹೋದವರಿಗೆ ಗೊತ್ತಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಕಾರಲ್ಲಿ ಬಂದ ಸಾಹುಕಾರರೂ, ಬಸ್ಸಲ್ಲಿ ಬಂದ ಬಡವರೂ ಒಂದೇ ಥರ ಜೋಳಿಗೆ ಹಿಡಿದು ಮನೆ ಮನೆ ಮುಂದೆ ನಿಲ್ತಾರೆ. ಮಧುಕರಿ ಅಂತಾರೆ ಅದಕ್ಕೆ. ದತ್ತ ಮಹಾರಾಜರೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರ್ತಾರೆ ಅನ್ನೋ ನಂಬಿಕೆ. ನಾನೂ ಬೇಡಿದ್ದೀನಿ. ಒಂದು ತುಂಡು ರೊಟ್ಟಿ ಜೋಳಿಗೆಗೆ ಬಿದ್ದಾಗ ಒಳಗಿನ ಅಹಂಕಾರ ಸ್ವಲ್ಪ ಕರಗೋದು ನಿಜ.

ಆ ದಿನ ಸಂಜೆ ಭೀಮಾ-ಅಮರಜಾ ಸಂಗಮದ ಹತ್ತಿರ ಕೂತಿದ್ದೆ. ಪಕ್ಕದ ಹಳ್ಳಿಯ ತೊಗರಿ ರೈತರೊಬ್ಬರು ಗುರುತು ಹಿಡಿದು ಮಾತಾಡಿಸಿದರು. "ಟಿವಿಯವರಲ್ರೀ ಸರ? ನಮ್ ಕಡಿಗಿ ವರ್ಷಾ ಐದು ಸಾವಿರ ಕೋಟಿ ಬರ್ತದ ಅಂತ ನೀವೇ ಹೇಳ್ತೀರಿ. ಅದರ ಲೆಕ್ಕ ನಾವು ಯಾರಿಗಿ ಕೇಳಬೇಕ್ರಿ?"

ವೀಕ್ಷಕರೇ, ನನ್ನ ಹತ್ತಿರ ನೇರ ಉತ್ತರ ಇರಲಿಲ್ಲ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತವೇ.

ಮೊದಲು ವಿಷಯ ಏನು ಅಂತ ತಿಳ್ಕೊಳ್ಳೋಣ. ಸಂವಿಧಾನದ 98ನೇ ತಿದ್ದುಪಡಿಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಡ್ತು. ಅದರಿಂದ 371(ಜೆ) ವಿಧಿ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನಮಾನ ಸಿಕ್ತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಏಳು ಜಿಲ್ಲೆ. ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲು ಬಂತು. ಜೊತೆಗೆ ಒಂದು ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಕಲ್ಯಾಣ ಕರ್ನಾಟಕ ಆಯ್ತು. 2023-24ರ ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆ ಆಯ್ತು.

ಹೆಸರು ಬಂತು, ದುಡ್ಡು ಬಂತು. ಅಧಿಕಾರ ಬಂತಾ?

ಈ ಮಂಡಳಿ ಕಾನೂನು ಮಾಡೋ ಹಾಗಿಲ್ಲ. ತೆರಿಗೆ ಹಾಕೋ ಹಾಗಿಲ್ಲ. ಶಾಲೆಗೆ ಕೋಣೆ ಕಟ್ಟಿಸಬಹುದು. ಆ ಕೋಣೆಗೆ ಕಾಯಂ ಮೇಷ್ಟ್ರನ್ನು ನೇಮಿಸೋದು ಶಿಕ್ಷಣ ಇಲಾಖೆ, ಅದಕ್ಕೆ ಒಪ್ಪಿಗೆ ಕೊಡೋದು ಹಣಕಾಸು ಇಲಾಖೆ. ಆಸ್ಪತ್ರೆಗೆ ಕಟ್ಟಡ ಕೊಡಬಹುದು, ವೈದ್ಯರನ್ನು ಕೊಡೋಕಾಗಲ್ಲ. ಮೀಸಲಾತಿ ಇದೆ ನಿಜ, ಆದರೆ ನೇಮಕಾತಿ ಅಧಿಸೂಚನೆಯೇ ಹೊರಡದಿದ್ದರೆ ಮೀಸಲಾತಿ ಯಾವುದಕ್ಕೆ? ಮಂಡಳಿಯ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತೆ. ಆ ಕುರ್ಚಿಗೆ ಅಂತ ಗಾಣಗಾಪುರದ ಮತದಾರ ಯಾವತ್ತೂ ಬಟನ್ ಒತ್ತಿಲ್ಲ.

ಈ ಕಥೆಯ ಬೇರು 1956ರಲ್ಲಿದೆ. ಆ ವರ್ಷ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಹೋಳಾಯ್ತು. ತೆಲಂಗಾಣ ಆಂಧ್ರಕ್ಕೆ ಸೇರಿತು, ಆದರೆ ಬರಿಗೈಲಿ ಸೇರಲಿಲ್ಲ. ಆ ಭಾಗದ ಶಾಸಕರದ್ದೇ ಒಂದು ಪ್ರಾದೇಶಿಕ ಸಮಿತಿ ಬೇಕು ಅಂತ ಒಪ್ಪಂದ ಮಾಡಿಸಿಕೊಂಡೇ ಸೇರಿತು. ಮರಾಠವಾಡ ಮುಂಬಯಿ ರಾಜ್ಯಕ್ಕೆ ಹೋಯ್ತು. ಅದಕ್ಕೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಅವಕಾಶವನ್ನು ಸಂವಿಧಾನದಲ್ಲೇ ಬರೆದರು. ನಮ್ಮ ಗುಲಬರ್ಗಾ, ರಾಯಚೂರು, ಬೀದರ್? ಕನ್ನಡದ ಮೇಲಿನ ಪ್ರೀತಿಯಿಂದ, ಯಾವ ಕರಾರೂ ಇಲ್ಲದೆ ಮೈಸೂರು ರಾಜ್ಯಕ್ಕೆ ಬಂದವು. ಅಣ್ಣ ತಮ್ಮಂದಿರು ಪಾಲು ಪತ್ರ ಬರೆಸಿಕೊಂಡು ಹೋದರು, ನಾವು ನಂಬಿಕೆ ಮೇಲೆ ಬಂದೆವು. ಅಂಥದ್ದೊಂದು ಪತ್ರ ಕೈಗೆ ಸಿಗೋಕೆ 56 ವರ್ಷ ಹಿಡೀತು.

ಅಷ್ಟರಲ್ಲಿ ಏನಾಗಿತ್ತು? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಡ್ತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದ್ದೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು.

ಇಲ್ಲಿ ಬೆಂಗಳೂರಿನ ಗೆಳೆಯರು ಒಂದು ಮಾತು ಕೇಳ್ತಾರೆ. "ನಿಮ್ಮವರೇ ಮುಖ್ಯಮಂತ್ರಿ ಆಗಿದ್ರಲ್ಲ?" ಆಗಿದ್ರು. ವೀರೇಂದ್ರ ಪಾಟೀಲರು ಎರಡು ಸಲ, ಧರಂಸಿಂಗ್ ಒಂದು ಸಲ. ಧರಂಸಿಂಗ್ ಅವರ ಕ್ಷೇತ್ರವೇ ಜೇವರ್ಗಿ. ಹಾಗಾದ್ರೆ ಈ ಭಾಗ ಯಾಕೆ ಹಿಂದೆ ಉಳೀತು? ಒಬ್ಬ ವ್ಯಕ್ತಿಗೆ ಅಧಿಕಾರ ಸಿಗೋದು ಬೇರೆ, ಒಂದು ಪ್ರದೇಶಕ್ಕೆ ಅಧಿಕಾರ ಸಿಗೋದು ಬೇರೆ. ಕುರ್ಚಿ ಹೋದ ದಿನ ವ್ಯಕ್ತಿಯ ಅಧಿಕಾರ ಮುಗಿಯುತ್ತೆ. ವ್ಯವಸ್ಥೆಗೆ ಕೊಟ್ಟ ಅಧಿಕಾರ ಉಳಿಯುತ್ತೆ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ. "ಕೊಟ್ಟ ದುಡ್ಡನ್ನೇ ಸರಿಯಾಗಿ ಖರ್ಚು ಮಾಡಲ್ಲ, ಇನ್ನೂ ಅಧಿಕಾರ ಬೇಕಾ?" ಇದನ್ನು ತಳ್ಳಿಹಾಕೋಕಾಗಲ್ಲ. ಆದರೆ ದುಡ್ಡು ಒಬ್ಬರ ಕೈಲಿ, ಸಿಬ್ಬಂದಿ ಇನ್ನೊಬ್ಬರ ಕೈಲಿ, ಮಂಜೂರಾತಿ ಮತ್ತೊಬ್ಬರ ಕೈಲಿ ಇದ್ದಾಗ ತಪ್ಪಿಗೆ ಹೊಣೆ ಯಾರು? ಎಲ್ಲರೂ ಬೆರಳು ತೋರಿಸ್ತಾರೆ, ಯಾರೂ ಸಿಗಲ್ಲ. ಸಂಗಮದಲ್ಲಿ ಆ ರೈತ ಕೇಳಿದ್ದೂ ಇದನ್ನೇ.

ಬ್ರಿಟನ್ನಿನ ವೇಲ್ಸ್ ಪ್ರದೇಶದ ಉದಾಹರಣೆ ನೋಡಿ. 1997ರಲ್ಲಿ ಅಲ್ಲಿನ ಜನರಿಗೆ ನಿಮಗೆ ನಿಮ್ಮದೇ ಸಭೆ ಬೇಕಾ ಅಂತ ಕೇಳಿದರು. ಬೇಕು ಅಂದವರು ಶೇ 50.3 ಮಾತ್ರ. 1999ರಲ್ಲಿ 60 ಸದಸ್ಯರ ಸಭೆ ಶುರುವಾಯ್ತು. ಹೆಚ್ಚುಕಡಿಮೆ ನಮ್ಮ ಮಂಡಳಿಯ ಥರವೇ: ಲಂಡನ್ ಕೊಟ್ಟ ದುಡ್ಡು ಹಂಚಬಹುದು, ಸ್ವಂತ ಶಾಸನ ಮಾಡೋ ಹಾಗಿಲ್ಲ. ಒಂದೇ ಒಂದು ದೊಡ್ಡ ವ್ಯತ್ಯಾಸ, ಅವರನ್ನು ಜನ ಆರಿಸಿದ್ದರು. ಲೆಕ್ಕ ಕೇಳೋಕೆ ಜನರಿಗೆ ಒಂದು ಬಾಗಿಲು ಇತ್ತು. 2011ರಲ್ಲಿ ಶಾಸನ ಮಾಡೋ ಪೂರ್ಣ ಅಧಿಕಾರ ಕೊಡೋಣವಾ ಅಂತ ಮತ್ತೆ ಕೇಳಿದಾಗ ಶೇ 63ಕ್ಕೂ ಹೆಚ್ಚು ಮತದಾರರು ಹೌದು ಅಂದರು. ಮೊದಲು ಜವಾಬ್ದಾರಿ, ಆಮೇಲೆ ವಿಶ್ವಾಸ, ಆಮೇಲೆ ಅಧಿಕಾರ. ಈ ಕ್ರಮ ನನಗೆ ಹಿಡಿಸುತ್ತೆ.

ಹಾಗಂತ ಪ್ರತ್ಯೇಕ ರಾಜ್ಯ ಬೇಕು ಅಂತ ನಾನು ಹೇಳ್ತಿಲ್ಲ. ತೆಲಂಗಾಣದ ಪಾಠ ಕಣ್ಣ ಮುಂದಿದೆ. ಅವರ ಪ್ರಾದೇಶಿಕ ಸಮಿತಿ ಕಾಗದದ ಮೇಲೆ ಇತ್ತು, ಕೊಟ್ಟ ಮಾತು ಉಳೀಲಿಲ್ಲ ಅನ್ನೋ ಸಿಟ್ಟು 1969ರಲ್ಲಿ ಬೀದಿಗೆ ಬಂತು. 1973ರಲ್ಲಿ ಆ ಸಮಿತಿಯನ್ನೇ ತೆಗೆದರು. 2014ರಲ್ಲಿ ರಾಜ್ಯವೇ ಬೇರೆಯಾಯ್ತು. ಅಧಿಕಾರ ಹಂಚಿದ್ದಕ್ಕೆ ಮನೆ ಒಡೀಲಿಲ್ಲ, ಹಂಚ್ತೀವಿ ಅಂತ ಹೇಳಿ ಹಂಚದೇ ಇದ್ದದ್ದಕ್ಕೆ ಒಡೀತು.

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ಮೂರು ಕೆಲಸ.

ಒಂದು, ಈ ಏಳು ಜಿಲ್ಲೆಗಳಿಂದ ವಿಧಾನಸಭೆಯಲ್ಲಿ 41 ಶಾಸಕರಿದ್ದಾರೆ, 224ರಲ್ಲಿ. ಪಕ್ಷ ನೋಡದೆ ಅವರದ್ದೇ ಒಂದು ಪ್ರಾದೇಶಿಕ ಸಮಿತಿ ಆಗಲಿ. ಈ ಭಾಗದ ಶಾಲೆ, ಆಸ್ಪತ್ರೆ, ನೀರಾವರಿ, ನೇಮಕಾತಿಯ ಪ್ರಸ್ತಾವ, ಅನುದಾನ ಮೊದಲು ಅವರ ಮುಂದೆ ಬರಲಿ. ಅವರ ಸಲಹೆ ಒಪ್ಪದಿದ್ದರೆ ಸರ್ಕಾರ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ.

ಎರಡು, ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಅಂತ 371(ಜೆ) ವಿಧಿಯೇ ಹೇಳುತ್ತೆ. ಮುಂದಿಟ್ಟರೆ ಸಾಲದು. ಒಂದು ಇಡೀ ದಿನ ಅದರ ಮೇಲೆ ಚರ್ಚೆ ಆಗಲಿ.

ಮೂರು, ಖಾಲಿ ಇರೋ ಶಿಕ್ಷಕರ, ವೈದ್ಯರ ಹುದ್ದೆಗಳನ್ನು ತುಂಬೋ ಅಧಿಕಾರ ಕಲಬುರಗಿಗೆ ಬರಲಿ. ಹೈಕೋರ್ಟ್ ಪೀಠ 2008ರಲ್ಲಿ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯ್ತು. ನ್ಯಾಯ ಸುಮಾರು 600 ಕಿಲೋಮೀಟರ್ ಇಳಿದು ಬಂತಲ್ಲ, ಕಡತ ಯಾಕೆ ಬರಬಾರದು?

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ. ಅಧಿಕಾರ ಕಲಬುರಗಿಗೆ ಬಂದು ಅಲ್ಲೇ ಕೂತರೆ, ಅದು ಇನ್ನೊಂದು ಸಣ್ಣ ಬೆಂಗಳೂರು ಆಗುತ್ತೆ ಅಷ್ಟೇ. ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಚುನಾಯಿತ ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಟ್ಟ ರಾಜ್ಯ ನಮ್ಮದು. ಹಂಚಿಕೊಳ್ಳೋದು ನಮಗೆ ಹೊಸ ವಿದ್ಯೆ ಏನಲ್ಲ. ಮಂಡಳಿಯ ಕಾಮಗಾರಿ ಪಟ್ಟಿ ಗ್ರಾಮಸಭೆಯಲ್ಲಿ ಓದಬೇಕು. ಯಾವ ರಸ್ತೆ, ಎಷ್ಟು ರೊಕ್ಕ, ಯಾವಾಗ ಮುಗಿಯುತ್ತೆ ಅಂತ ಕಟ್ಟೆ ಮೇಲೆ ಕೂತವರಿಗೂ ಗೊತ್ತಾಗಬೇಕು.

ಗಾಣಗಾಪುರದಲ್ಲಿ ಜೋಳಿಗೆ ಹಿಡಿಯೋದು ಭಕ್ತಿ. ಆದರೆ ತನ್ನದೇ ಪಾಲಿಗೆ ಒಂದು ಪ್ರದೇಶ ಪ್ರತಿ ಬಜೆಟ್‌ಗೂ ವಿಧಾನಸೌಧದ ಮುಂದೆ ಜೋಳಿಗೆ ಹಿಡಿದು ನಿಲ್ಲೋದಕ್ಕೆ ಏನಂತ ಹೆಸರಿಡೋಣ? ಮುಂದಿನ ಸಲ ಸಂಗಮಕ್ಕೆ ಹೋದಾಗ ಆ ರೈತರು ಸಿಕ್ಕರೆ, "ಲೆಕ್ಕ ಇವರಿಗೆ ಕೇಳ್ರಿ" ಅಂತ ಒಂದು ಬಾಗಿಲು ತೋರಿಸೋ ಹಾಗಾಗಬೇಕು. ಅಷ್ಟೇ ನನ್ನ ಆಸೆ.