ದಂಡಿನ ಬುತ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳೆಯ ಊರುಗಳಲ್ಲಿ ಹಗೇವು ಎಂದರೇನೆಂದು ಹಿರಿಯರಿಗೆ ವಿವರಿಸಬೇಕಿಲ್ಲ. ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಬಿಳಿಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದರೆ ಕಾಳು ವರುಷಗಟ್ಟಲೆ ಉಳಿಯುತ್ತಿತ್ತು. ಎಷ್ಟು ಕೂಡಿಟ್ಟಿದ್ದೇವೆ, ಎಲ್ಲಿ ಕೂಡಿಟ್ಟಿದ್ದೇವೆ, ಅಲ್ಲಿಂದ ಉಣ್ಣುವವರ ಕೈಗೆ ಹೇಗೆ ಮುಟ್ಟಿಸುತ್ತೇವೆ? ಇಂದಿನ ಸೈನ್ಯದ ಸರಬರಾಜು ದಳಗಳೆಲ್ಲ ಹುಟ್ಟಿಕೊಂಡದ್ದು ಈ ಮೂರು ಪ್ರಶ್ನೆಗಳಿಂದಲೇ. ಹಗೇವು ಮೊದಲೆರಡಕ್ಕೆ ಉತ್ತರ. ಮೂರನೆಯದು ಕಷ್ಟದ್ದು.

ಅದು ಎಷ್ಟು ಕಷ್ಟವೆಂದು ಒಂದು ಲೆಕ್ಕ ಹಾಕಿ ನೋಡೋಣ. ಕಂಠಾಳ ಹೊತ್ತ ಒಂದು ಎತ್ತು 120 ಕಿಲೋ ಕಾಳು ಒಯ್ಯುತ್ತದೆ ಎಂದುಕೊಳ್ಳಿ. ಸಾವಿರ ಎತ್ತು ಸೇರಿದರೆ 120 ಟನ್. ಆಳಿಗೆ ದಿನಕ್ಕೆ 600 ಗ್ರಾಂನಂತೆ 20,000 ಜನಕ್ಕೆ 12 ಟನ್ ಬೇಕು. ಅಂದರೆ ಹತ್ತು ದಿನದ ಬುತ್ತಿ. ಆದರೆ ಜೊತೆಗೆ 10,000 ಕುದುರೆಗಳಿದ್ದು, ಒಂದೊಂದಕ್ಕೆ ದಿನಕ್ಕೆ 4 ಕಿಲೋ ಕಾಳು ಹಾಕಿದರೆ ಅಲ್ಲೇ 40 ಟನ್ ಹೋಯಿತು. ಹತ್ತು ದಿನದ ಬುತ್ತಿ ಎರಡೂಕಾಲು ದಿನಕ್ಕೆ ಇಳಿಯಿತು. ಜನರಿಗಿಂತ ದಂಡಿನ ಕಾಲುಗಳೇ ಹೆಚ್ಚು ತಿನ್ನುತ್ತವೆ. ಇಂದು ಆ ಕುದುರೆಯ ಜಾಗದಲ್ಲಿ ಟ್ಯಾಂಕು, ಲಾರಿಗಳಿವೆ. ಕಾಳಿನ ಬದಲು ಡೀಸೆಲ್ ಕೇಳುತ್ತವೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ವಿಜಾಪುರದ ನೆಲ ಮತ್ತೆ ಮತ್ತೆ ಕಂಡಿದೆ. 1631ರ ಸುಮಾರಿಗೆ ಷಹಜಹಾನನ ಸೇನಾನಿ ಆಸಫ್ ಖಾನ್ ಬಂದು ಕೋಟೆಗೆ ಮುತ್ತಿಗೆ ಹಾಕಿದ. ಸುತ್ತಲ ಸೀಮೆಯಲ್ಲಿ ಕಾಳು, ಮೇವು ಸಿಗದೆ ಮರಳಿಹೋದ. 1665ರ ಡಿಸೆಂಬರ್ ಕೊನೆಯಲ್ಲಿ ಔರಂಗಜೇಬನ ಸೇನಾನಿ ಮಿರ್ಜಾ ರಾಜಾ ಜಯಸಿಂಹ ವಿಜಾಪುರದಿಂದ ಕೆಲವೇ ಹರದಾರಿ ದೂರದವರೆಗೂ ಬಂದ. ಸುಲ್ತಾನ ಎರಡನೆಯ ಅಲಿ ಆದಿಲಶಾಹನ ಕಡೆಯವರು ಅಷ್ಟರೊಳಗೆ ನವರಸಪುರ, ಶಹಾಪುರದ ಕೆರೆಗಳ ನೀರು ಹೊರಬಿಟ್ಟಿದ್ದರು, ಬಾವಿಗಳನ್ನು ಹೂಳಿದ್ದರು, ಊರ ಹೊರಗಿನ ಗಿಡಮರ ಕಡಿದಿದ್ದರು. ಹೊಸ ವರುಷದ ಮೊದಲ ವಾರದಲ್ಲೇ ಜಯಸಿಂಹ ಹಿಂದಕ್ಕೆ ಕಾಲು ತೆಗೆದ. ಆ ಗೆಲುವಿನ ಬೆಲೆಯನ್ನೂ ನೆನೆಯಬೇಕು. ಹಿಂಗಾರಿ ಜೋಳ ಹೊಲದಲ್ಲಿ ತೆನೆಗಟ್ಟಿ, ರೈತರು ಸೀತನಿ ತಿನ್ನುವ ಕಾಲ ಅದು. ವೈರಿಯ ಬಾಯಿಗೆ ಹಾಕಿದ ಬೀಗ ಆ ಸೀಮೆಯ ಮನೆಮನೆಗೂ ಬಿದ್ದಿತ್ತು.

ಕೊನೆಯ ಸಲ ಬಂದದ್ದೂ ಔರಂಗಜೇಬನ ಸೈನ್ಯವೇ. 1685ರ ಏಪ್ರಿಲ್‌ನಲ್ಲಿ ಮುತ್ತಿಗೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಮುತ್ತಿದವರೇ ಹಸಿದರು. ಹಿಂದಿರುಗುವುದೇ ಲೇಸೆಂಬ ಮಾತು ಎದ್ದಾಗ ದಂಡು ನಡೆಸಿದ್ದ ಔರಂಗಜೇಬನ ಮಗ ಆಜಮ್ ಒಪ್ಪಲಿಲ್ಲ. ಬಾದಶಹ ಆಗ ಸೊಲ್ಲಾಪುರದಲ್ಲಿದ್ದ. ಆ ವರುಷದ ಅಕ್ಟೋಬರ್‌ನಲ್ಲಿ ಫಿರೋಜ್ ಜಂಗ್ ಎಂಬ ಸರದಾರನ ಕಾವಲಿನಲ್ಲಿ ಕಾಳು ಹೊತ್ತ ಎತ್ತುಗಳ ಸಾಲನ್ನು ಕಳಿಸಿದ. ಸೊಲ್ಲಾಪುರದಿಂದ ವಿಜಾಪುರಕ್ಕೆ ಬರುವವರು ಭೀಮೆಯನ್ನು ದಾಟಿ ಇಂಡಿ ಸೀಮೆಯಲ್ಲೇ ಹಾಯಬೇಕು. ಆ ಸಾಲು ದಾರಿಯಲ್ಲಿ ಕಾದಾಡುತ್ತಲೇ ಬಂದು ಮುಟ್ಟಿತು, ಪಾಳೆಯ ಉಳಿಯಿತು.

ಕೋಟೆಯೊಳಗಿನವರಿಗೂ ಬುತ್ತಿ ಬರುತ್ತಿತ್ತು. ಸಗರ ಸೀಮೆಯ ಬೇಡ ನಾಯಕ ಪಾಮ ನಾಯಕ ಸುಮಾರು 6,000 ಕಾಲಾಳುಗಳ ತಲೆಯ ಮೇಲೆ ಕಾಳು ಹೊರಿಸಿ ರಾತ್ರಿಯಲ್ಲಿ ಕಳಿಸಿದ. ಸಗರದಿಂದ ವಿಜಾಪುರಕ್ಕೆ ನೇರ ಗೆರೆ ಎಳೆದರೆ ಸಿಂದಗಿ, ಬಾಗೇವಾಡಿಯ ನಡುವೆ ಹಾಯುತ್ತದೆ. ಆ ಕಾಲಾಳುಗಳನ್ನು ಫಿರೋಜ್ ಜಂಗ್ ತಡೆದು ಕಡಿದುಹಾಕಿದ. ಒಂದು ಬುತ್ತಿ ಮುಟ್ಟಿತು, ಇನ್ನೊಂದು ಮುಟ್ಟಲಿಲ್ಲ. 1686ರ ಸೆಪ್ಟೆಂಬರ್ 12ರಂದು ಕೋಟೆ ಬಿತ್ತು. ವಿಜಾಪುರದ ಪತನವೆಂದರೆ ನಮಗೆ ತೋಪು, ಬುರುಜುಗಳೇ ನೆನಪಾಗುತ್ತವೆ. ನನ್ನ ಮಟ್ಟಿಗೆ ಆ ಎರಡು ಸಾಲುಗಳೇ ದೊಡ್ಡವು. ತಲೆಯ ಮೇಲೆ ಜೋಳ ಹೊತ್ತು ಕತ್ತಲಲ್ಲಿ ಸತ್ತ ಆ ಸಾವಿರಾರು ಜನರ ಒಂದು ಹೆಸರೂ ನಮಗೆ ಉಳಿದಿಲ್ಲ.

ಕಾಳು ಹೊರುವುದನ್ನೇ ಕಸುಬಾಗಿಸಿಕೊಂಡವರು ಲಂಬಾಣಿಗರು. ಆಸಫ್ ಖಾನನ ದಂಡಿಗೆ ಭಂಗಿ, ಜಂಗಿ ಎಂಬ ನಾಯಕರು 1,80,000 ಎತ್ತುಗಳೊಡನೆ ಬಂದಿದ್ದರೆಂಬ ಐತಿಹ್ಯ ಅವರಲ್ಲಿದೆ. ಎಣಿಕೆ ಹೆಚ್ಚೇ ಇರಲಿ, ಅವರ ಜಾಣತನ ಮಾತ್ರ ನಿಜ: ಎತ್ತು ದಾರಿಯ ಹುಲ್ಲು ಮೇಯುತ್ತ ಸಾಗುತ್ತದೆ, ಬೆನ್ನಿನ ಕಾಳಿಗೆ ಬಾಯಿ ಹಾಕುವುದಿಲ್ಲ. ಹುಲ್ಲು ಸುಟ್ಟರೆ ಅಲ್ಲಿಗೆ ಆ ಸಾಲು ನಿಂತಿತು. 1884ರಲ್ಲಿ ಹೊಟಗಿ–ಗದಗ ರೈಲು ಬಂತು, ಹೇರೆತ್ತಿನ ಕಾಲ ಮುಗಿಯಿತು. ಈ ನಾಲ್ಕೂ ತಾಲೂಕುಗಳಲ್ಲಿ ಇಂದು ಕಾಣುವ ತಾಂಡಾಗಳು ಆ ಅಲೆದಾಟ ನಿಂತ ಜಾಗಗಳು.

ಇಂದಿನ ಭಾರತೀಯ ಸೈನ್ಯ ಈ ಕೆಲಸದ ಹೊಣೆಯನ್ನು ಹೊರಗಿನವರ ಕೈಗೆ ಬಿಡದೆ ತನ್ನದೇ ದಳಗಳಿಗೆ ವಹಿಸಿದೆ. ಊಟ, ಇಂಧನ, ಸಾಗಣೆ ಆರ್ಮಿ ಸರ್ವಿಸ್ ಕೋರ್‌ನ ಹೊಣೆ. ಅದರ ತರಬೇತಿ ಕೇಂದ್ರ ಮತ್ತು ಕಾಲೇಜು ಇರುವುದು ಬೆಂಗಳೂರಿನಲ್ಲಿ. ಮದ್ದುಗುಂಡು, ಬಟ್ಟೆ, ಬಿಡಿಭಾಗ ಆರ್ಡ್‌ನೆನ್ಸ್ ಕೋರ್‌ನದು. ಕೆಟ್ಟ ಬಂಡಿ, ತೋಪು ರಿಪೇರಿ ಮಾಡುವವರು ಇ.ಎಂ.ಇ. (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದವರು. ಗಾಯಾಳುಗಳಿಗೆ ವೈದ್ಯಕೀಯ ದಳ ಬೇರೆ.

ದಳಗಳ ಹೆಸರಿಗಿಂತ ಅವುಗಳ ಜೋಡಣೆ ನೋಡಬೇಕು. ಸೈನಿಕನ ಬೆನ್ನಚೀಲದಲ್ಲಿ ಸ್ವಲ್ಪ, ಅವನ ಬೆಟಾಲಿಯನ್ನಿನ ಕ್ವಾರ್ಟರ್ ಮಾಸ್ಟರ್ ಬಳಿ ಇನ್ನಷ್ಟು, ಡಿವಿಜನ್ನಿಗೆ ಸೇರಿದ ಸರಬರಾಜು ಘಟಕದ ಲಾರಿಗಳಲ್ಲಿ ಮತ್ತಷ್ಟು, ಹಿಂದೆ ದೊಡ್ಡ ಡಿಪೋಗಳಲ್ಲಿ ತಿಂಗಳುಗಟ್ಟಲೆಯ ದಾಸ್ತಾನು. ಮನೆಯ ಗಡಿಗೆ, ಪಡಸಾಲೆಯ ಚೀಲ, ಅಂಗಳದ ಹಗೇವು ಇದ್ದಂತೆ. ಎಷ್ಟು ಖರ್ಚಾಯಿತೆಂಬ ಲೆಕ್ಕ ಕೆಳಗಿನಿಂದ ಮೇಲೆ ಹೋಗುತ್ತದೆ, ಸಾಮಾನು ಮೇಲಿನಿಂದ ಕೆಳಗೆ ಬರುತ್ತದೆ. ಒಂದು ಕೊಂಡಿ ಕಡಿದರೂ ಮುಂದಿನವರು ಕೆಲವು ದಿನ ತಾಳಿಕೊಳ್ಳುವಷ್ಟು ಬುತ್ತಿ ಪ್ರತಿ ಮೆಟ್ಟಿಲಿನಲ್ಲೂ ಇರುತ್ತದೆ. ಆಜಮನ ಪಾಳೆಯದಲ್ಲಿ ಇಲ್ಲದೇ ಹೋದದ್ದು ಇದೇ.

ಬುತ್ತಿಯೂ ಹಗುರಾಗಿದೆ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಬೇಯಿಸಿದ ಪಲಾವು, ಚಪಾತಿ, ಉಪ್ಪಿಟ್ಟಿನಂಥವನ್ನು ತಿಂಗಳುಗಟ್ಟಲೆ ಕೆಡದಂತೆ ಪೊಟ್ಟಣಕಟ್ಟುವ ವಿಧಾನಗಳನ್ನು ರೂಪಿಸಿದೆ. ಕಡಕ್ ರೊಟ್ಟಿಯನ್ನು ವಾರಗಟ್ಟಲೆ ಇಟ್ಟು ತಿನ್ನುವ ಸೀಮೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಲಾರಿ ಹೋಗದ ಕಡೆ ಹೇಸರಗತ್ತೆಗಳು ಇಂದಿಗೂ ಹೊರೆ ಹೊರುತ್ತವೆ, ಅವುಗಳದ್ದೇ ಘಟಕಗಳಿವೆ. ಸಿಯಾಚಿನ್‌ನ ಎತ್ತರದ ಠಾಣ್ಯಗಳಿಗೆ ಹೆಲಿಕಾಪ್ಟರ್ ಏರಬೇಕು.

ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆಯ ದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. ಆದ್ದರಿಂದ ಚಳಿಗಾಲದುದ್ದಕ್ಕೂ ಬೇಕಾಗುವ ಹಿಟ್ಟು, ಬೇಳೆ, ಸೀಮೆಎಣ್ಣೆ, ಡೀಸೆಲ್ ಎಲ್ಲ ಬೇಸಿಗೆಯಲ್ಲೇ ಮೇಲೇರಬೇಕು. ಸಾಲುಸಾಲು ಲಾರಿಗಳು ತಿಂಗಳುಗಟ್ಟಲೆ ಓಡುತ್ತವೆ. ಸಿಂದಗಿಯ ರೈತ ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡುವ ಹೊತ್ತಿಗೆ ಅಲ್ಲಿನ ಹಗೇವು ಬಹುಮಟ್ಟಿಗೆ ತುಂಬಿರಬೇಕು.