ರ‍್ಯಾಮ್ ಬದಲಾವಣೆಯ ನಂತರ ಗಣಕಯಂತ್ರ ಸ್ಥಗಿತಗೊಳ್ಳುತ್ತಿದೆಯೇ?

ಗಣಕಯಂತ್ರದ ವೇಗ ಹೆಚ್ಚಲೆಂದು ಹೊಸ ರ‍್ಯಾಮ್ ಫಲಕವನ್ನು ಅಳವಡಿಸಿದ ಬಳಿಕ, ಯಂತ್ರವು ಒಮ್ಮೆ ಹತ್ತೇ ನಿಮಿಷದಲ್ಲಿ, ಮತ್ತೊಮ್ಮೆ ಎರಡು ದಿನಗಳ ಮೇಲೆ, ಕಾರಣ ತಿಳಿಯದಂತೆ ಸ್ಥಗಿತಗೊಳ್ಳುವುದುಂಟು. ಆಗ ಅನೇಕರು ವಿಂಡೋಸ್ ತಂತ್ರಾಂಶವನ್ನು ಮರಳಿ ಸ್ಥಾಪಿಸಲು ತೊಡಗುತ್ತಾರೆ. ಇದು ಅವಸರದ ಕ್ರಮ. ಡಿಸ್ಕಿಗೆ ಬರೆಯಲಾಗುವ ಮಾಹಿತಿಯು ರ‍್ಯಾಮ್‌ನ ಮೂಲಕವೇ ಹಾದುಹೋಗುವುದರಿಂದ, ಫಲಕವು ದೋಷಯುಕ್ತವಾಗಿದ್ದಲ್ಲಿ ಲೆಕ್ಕಪತ್ರ, ಛಾಯಾಚಿತ್ರ ಮುಂತಾದ ಕಡತಗಳು ಯಾವ ಸೂಚನೆಯೂ ಇಲ್ಲದೆ ಕೆಡಬಹುದು.

ಆದುದರಿಂದ ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಹೊಸ ಫಲಕವನ್ನು ಹೊರತೆಗೆಯತಕ್ಕದ್ದು. ಹಳೆಯ ಫಲಕದಿಂದ ಯಂತ್ರವು ಸರಿಯಾಗಿ ನಡೆದರೆ, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿರಿ. ಅನಂತರ ಹೊಸದೊಂದನ್ನೇ ಹಿಡಿಕೆ ಕಚ್ಚಿಕೊಳ್ಳುವವರೆಗೆ ಒತ್ತಿ ಕೂರಿಸಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಪರೀಕ್ಷೆಯನ್ನು ನಡೆಸಿರಿ. ದೋಷ ಕಂಡಲ್ಲಿ ಮತ್ತೊಂದು ಸ್ಲಾಟ್‌ನಲ್ಲಿ ಕೂರಿಸಿ ನೋಡಿರಿ. ಅಲ್ಲಿಯೂ ಕಂಡರೆ ಖಾತರಿಯ ಅವಧಿಯಲ್ಲಿಯೇ ಫಲಕವನ್ನು ಬದಲಿಸಿಕೊಳ್ಳಿರಿ. ಪರೀಕ್ಷೆಯ ಪರದೆಯ ಛಾಯಾಚಿತ್ರವೊಂದು ಜೊತೆಗಿದ್ದರೆ ಅಂಗಡಿಯವರೊಡನೆ ವಾದ ಮಾಡಬೇಕಾಗುವುದಿಲ್ಲ.

ಎರಡೂ ಫಲಕಗಳು ಪ್ರತ್ಯೇಕವಾಗಿ ನಿರ್ದೋಷವಾಗಿದ್ದು, ಕೂಡಿದಾಗ ಮಾತ್ರ ತೊಂದರೆಯಾದರೆ, ಅವುಗಳ ಹೊಂದಾಣಿಕೆಯಲ್ಲಿ ಕೊರತೆಯಿರುವ ಸಂಭವವೇ ಹೆಚ್ಚು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿ, ರ‍್ಯಾಮ್‌ನ ವೇಗವನ್ನು ಇಳಿಸಿ ಪರೀಕ್ಷಿಸಬಹುದು.