ಬೆಟ್ಟ ಹತ್ತಿ ದೇಣಿಗೆ ಎತ್ತೋದು: ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?

ನೌಪಾಡಾದ ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ ಮಾತಿನ ಬರಹರೂಪ ಇದು. ಹಿಂದೆ ಗೋಖಲೆ ರೋಡಿನ ಹಾರ್ನ್ ಕೇಳಿಸ್ತಾ ಇತ್ತು. ಓದುವವರಿಗೆ ಆ ಕಾಟ ಇಲ್ಲ.

ಇವತ್ತಿನ ವಿಷಯ ಚಾರಿಟಿ ಟ್ರೆಕ್. ಐರೋಲಿ, ಮಹಾಪೆ, ಘೋಡ್‌ಬಂದರ್ ರೋಡ್ ಕಡೆ ಕೆಲಸ ಮಾಡೋ ನಮ್ಮಂಥವರ ವಾಟ್ಸಾಪ್‌ಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಇಂಥ ಸಂದೇಶ ಬರುತ್ತೆ: "ನಾನು ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗ್ತಿದ್ದೀನಿ, ಮಕ್ಕಳ ಶಿಕ್ಷಣಕ್ಕಾಗಿ. ದಯವಿಟ್ಟು ಈ ಲಿಂಕಿನಲ್ಲಿ ದೇಣಿಗೆ ಕೊಡಿ." ಕೆಲವರು ಕೂಡಲೇ ಕೊಡ್ತಾರೆ. ಕೆಲವರು ನೋಡಿಯೂ ನೋಡದ ಹಾಗೆ ಇರ್ತಾರೆ. ಹುಬ್ಬಳ್ಳಿಯ ನಮ್ಮ ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಗುಡ್ಡಾ ಹತ್ತೋದು ಅವನ ಖುಷಿಗೆ. ರೊಕ್ಕಾ ನಾ ಯಾಕ ಕೊಡ್ಲಿ?"

ಈ ಪ್ರಶ್ನೆಯನ್ನು ನಕ್ಕು ಬಿಡೋ ಹಾಗಿಲ್ಲ. ಇದಕ್ಕೆ ಸರಿಯಾದ ಉತ್ತರ ಇದೆಯಾ ಅಂತ ನೋಡೋಣ.

ಕಷ್ಟಪಟ್ಟರೆ ಜನ ಯಾಕೆ ಕೊಡ್ತಾರೆ?

ನಮಗೆ ಇದು ಹೊಸದಲ್ಲ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗೋರಿಗೆ ದಾರಿಯುದ್ದಕ್ಕೂ ಜನ ಊಟ, ಮಜ್ಜಿಗೆ ಕೊಡ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲಿ ಪಂಢರಪುರದ ವಾರಿ ಹೊರಟಾಗಲೂ ಅಷ್ಟೇ. ಅದೇ ಮನುಷ್ಯ ಬಸ್ಸಿನಲ್ಲಿ ಬಂದಿಳಿದರೆ ಯಾರೂ ಮಜ್ಜಿಗೆ ಹಿಡಿದು ಕಾಯಲ್ಲ. ಒಬ್ಬರು ಮೈಮುರಿದು ಏನಾದರೂ ಮಾಡಿದರೆ ಅದರಲ್ಲಿ ನಮ್ಮದೂ ಒಂದು ಪಾಲಿರಲಿ ಅನ್ನಿಸುತ್ತೆ.

ಕ್ರಿಸ್ಟೋಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ ಎಂಬ ಸಂಶೋಧಕರು 2013ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅವರು ಇದಕ್ಕೆ 'ಮಾರ್ಟಿರ್‌ಡಮ್ ಎಫೆಕ್ಟ್' ಅಂತ ಹೆಸರಿಟ್ಟರು. ದೇಣಿಗೆ ಕೊಡೋ ದಾರಿಯಲ್ಲಿ ನೋವು, ಶ್ರಮ ಇದ್ದರೆ ಜನ ಸುಲಭದ ದಾರಿಗಿಂತ ಹೆಚ್ಚು ಕೊಡೋಕೆ ತಯಾರಾಗ್ತಾರೆ ಅನ್ನೋದು ಅದರ ಸಾರ. ಆದರೆ ಒಂದು ಷರತ್ತಿದೆ. ಮನುಷ್ಯರ ಸಂಕಟಕ್ಕೆ ಸಂಬಂಧಿಸಿದ ಕೆಲಸಕ್ಕೆ ಈ ಪರಿಣಾಮ ಜೋರು. ಪಾರ್ಕ್ ಕಟ್ಟುವಂಥ ಸಂತೋಷದ ಕೆಲಸಕ್ಕೆ ಅಷ್ಟಿಲ್ಲ.

ಕೆನಡಾದ ಟೆರ್ರಿ ಫಾಕ್ಸ್ ಇದಕ್ಕೆ ದೊಡ್ಡ ಉದಾಹರಣೆ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಹುಡುಗ, 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಅವನ ಓಟಕ್ಕೂ ಅವನು ಕೇಳಿದ ದುಡ್ಡಿಗೂ ನೇರ ಸಂಬಂಧ ಇತ್ತು. ಅದು ಕ್ಯಾನ್ಸರ್ ಸಂಶೋಧನೆಗೆ. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಗೂರ್ಖಾ ಸೈನಿಕರ ತರಬೇತಿ ನಡಿಗೆಯಾಗಿ ಶುರುವಾದ ಟ್ರೈಲ್‌ವಾಕರ್ ಕೂಡ ಇದೇ ದಾರಿ ಹಿಡಿಯಿತು. ನಾಲ್ವರ ತಂಡ, 100 ಕಿಲೋಮೀಟರ್, 48 ಗಂಟೆ. ಮುಂದೆ ಅದು ಬೆಂಗಳೂರಿಗೂ ಬಂತು. 2009ರಲ್ಲಿ ಬ್ರಿಟನ್ನಿನ ಕೆಲವು ಪ್ರಸಿದ್ಧರು ಕಾಮಿಕ್ ರಿಲೀಫ್‌ಗಾಗಿ 5,895 ಮೀಟರಿನ ಕಿಲಿಮಂಜಾರೋ ಹತ್ತಿ 30 ಲಕ್ಷ ಪೌಂಡಿಗೂ ಹೆಚ್ಚು ಎತ್ತಿದರು.

ಅಂದ್ರೆ ದೊಡ್ಡಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ಶ್ರಮ ನೋಡಿದರೆ ಜನ ಕೊಡ್ತಾರೆ. ಉಳಿದರ್ಧ ಲೆಕ್ಕದಲ್ಲಿದೆ.

ಲೆಕ್ಕ ಹಾಕೋಣ

ನಾವು ಹತ್ತು ಜನ ಅಂದುಕೊಳ್ಳಿ. ಈ ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. ನಿಮ್ಮ ತಂಡದ ಅಂಕಿ ಹಾಕಿ ನೋಡಿ.

ಹಿಮಾಲಯದ ಟ್ರೆಕ್‌ಗೆ ವಿಮಾನ, ಗೈಡ್, ಟೆಂಟ್ ಎಲ್ಲ ಸೇರಿ ತಲೆಗೆ 30,000 ರೂಪಾಯಿ. ಹತ್ತು ಜನಕ್ಕೆ 3 ಲಕ್ಷ. ದೇಣಿಗೆ ಬಂದದ್ದು 5 ಲಕ್ಷ.

ಮೊದಲನೇ ಮಾದರಿ: ಟ್ರೆಕ್ ಖರ್ಚನ್ನು ದೇಣಿಗೆಯಿಂದಲೇ ಕಳೆಯೋದು. "ಇಷ್ಟು ಕನಿಷ್ಠ ದೇಣಿಗೆ ಎತ್ತಿದರೆ ನಿಮಗೆ ಟ್ರೆಕ್ ಉಚಿತ" ಅಂತ ಜಾಹೀರಾತು ಬರುತ್ತಲ್ಲ, ಅದು. ಶಾಲೆಗೆ ತಲುಪೋದು 2 ಲಕ್ಷ. ಕೊಟ್ಟವರ ಪ್ರತಿ 100 ರೂಪಾಯಿಯಲ್ಲಿ 60 ನಮ್ಮ ಪ್ರವಾಸಕ್ಕೆ ಹೋಯ್ತು. ದೊಡ್ಡಪ್ಪ ಬೈದಿದ್ದು ಇದನ್ನೇ, ಮತ್ತು ಇಲ್ಲಿ ಅವರು ನೂರಕ್ಕೆ ನೂರು ಸರಿ.

ಎರಡನೇ ಮಾದರಿ: ಪ್ರವಾಸದ ಖರ್ಚು ನಮ್ಮ ಜೇಬಿನಿಂದ. 5 ಲಕ್ಷವೂ ಶಾಲೆಗೆ. ಇದು ನೇರ ವ್ಯವಹಾರ.

ಮೂರನೇ ಮಾದರಿ: ಹಿಮಾಲಯ ಬಿಟ್ಟು ಕಳಸೂಬಾಯಿಗೆ ಹೋಗೋದು. ತಲೆಗೆ 1,500 ರೂಪಾಯಿ ಸಾಕು ಅಂತಿಟ್ಟುಕೊಳ್ಳಿ. ಬೆಟ್ಟ ಚಿಕ್ಕದು, ಕಷ್ಟ ಕಡಿಮೆ, ಹಾಗಾಗಿ ದೇಣಿಗೆಯೂ ಕಡಿಮೆ, 3 ಲಕ್ಷ ಅನ್ನೋಣ. ಆದರೆ ಪ್ರತಿಯೊಬ್ಬರಿಗೂ 28,500 ರೂಪಾಯಿ ಉಳಿಯಿತು. ಅದನ್ನೂ ಕೊಟ್ಟರೆ 2,85,000 ಸೇರಿ ಒಟ್ಟು 5,85,000. ಹಿಮಾಲಯಕ್ಕಿಂತ 85,000 ಹೆಚ್ಚು.

ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಇದೆ. ಉಳಿದ 28,500ನ್ನು ನಿಜವಾಗಿ ಯಾರು ಕೊಡ್ತಾರೆ? ಬಹಳ ಜನ ಕೊಡಲ್ಲ. ಅದು ರಜೆಗೆ ಇಟ್ಟ ದುಡ್ಡು, ಹಿಮಾಲಯಕ್ಕಲ್ಲದಿದ್ದರೆ ಗೋವಾಕ್ಕೆ ಹೋಗುತ್ತೆ. ಹಾಗಿದ್ದರೆ ಎರಡನೇ ಮಾದರಿಯೇ ಸರಿ: ಹೇಗೂ ಹೋಗೋ ರಜೆಗೆ ಒಂದು ಒಳ್ಳೆ ಕೆಲಸ ಜೋಡಿಸೋದು. ಆದರೆ ಅದನ್ನು ಹಾಗೇ ಹೇಳಬೇಕು: "ಪ್ರವಾಸ ನನ್ನದು, ನನ್ನ ಖರ್ಚು. ನಿಮ್ಮ ರೂಪಾಯಿ ಪೂರ್ತಿ ಶಾಲೆಗೆ." ಈ ಒಂದು ಸಾಲು ಸಂದೇಶದಲ್ಲಿ ಇದ್ದರೆ ಅರ್ಧ ಅನುಮಾನ ಹೋಗುತ್ತೆ.

ಅಪಾಯವೂ ಖರ್ಚೇ

ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದ ವೈದ್ಯರು ಚಾರಿಟಿಗಾಗಿ ಪ್ಯಾರಾಚೂಟ್ ಹಾರುವವರ ಐದು ವರ್ಷದ ಗಾಯಗಳ ಲೆಕ್ಕ ತೆಗೆದು 1999ರಲ್ಲಿ ಪ್ರಕಟಿಸಿದರು. ಎತ್ತಿದ ಪ್ರತಿ ಒಂದು ಪೌಂಡಿಗೆ ಸರ್ಕಾರಿ ಆಸ್ಪತ್ರೆಗಳಿಗೆ ಆದ ಖರ್ಚು 13.75 ಪೌಂಡ್! ಮೊದಲ ಸಲ ಹಾರೋರೇ ಹೆಚ್ಚಾಗಿ ಗಾಯ ಮಾಡಿಕೊಂಡಿದ್ದರು. ಬೆಟ್ಟಕ್ಕೆ ಇದೇ ಅಂಕಿ ಅನ್ವಯಿಸಲ್ಲ, ಆದರೆ ಪಾಠ ಅನ್ವಯಿಸುತ್ತೆ.

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಜಿಮ್ ಮಾಡೋರಿಗೂ ವಿನಾಯಿತಿ ಇಲ್ಲ. 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ತಲೆನೋವು, ವಾಂತಿ ಶುರುವಾಗಿ ಜಾಸ್ತಿ ಆಗ್ತಾ ಹೋದರೆ ಕೆಳಗಿಳಿಯೋದೇ ಮದ್ದು.

ಚಾರಿಟಿ ಟ್ರೆಕ್ಕಿನಲ್ಲಿ ಇಲ್ಲೇ ಒಂದು ಎಡವಟ್ಟಿದೆ. "ಇಷ್ಟು ಜನ ದುಡ್ಡು ಕೊಟ್ಟಿದ್ದಾರೆ, ಅರ್ಧಕ್ಕೆ ಇಳಿದರೆ ಏನಂತಾರೆ?" ಅನ್ನೋ ಒತ್ತಡ ತಲೆಯಲ್ಲಿ ಕೂತಿರುತ್ತೆ. ಅದಕ್ಕೇ ದೇಣಿಗೆಯನ್ನು ಶಿಖರಕ್ಕೆ ಕಟ್ಟಬೇಡಿ. "ನಾನು ತುದಿ ಮುಟ್ಟಲಿ ಬಿಡಲಿ, ಹಣ ಆಗಲೇ ತಲುಪಿದೆ" ಅಂತ ಹೊರಡೋ ಮುಂಚೆಯೇ ಹೇಳಿ. ಇಳಿಯೋದಕ್ಕೆ ನಾಚಿಕೆ ಇರಬಾರದು.

ಇನ್ನೊಂದು, ಹೊರೆ ಹೊರೋರು. ಬಡವರಿಗಾಗಿ ಹಣ ಎತ್ತೋ ಟ್ರೆಕ್ಕಿನಲ್ಲಿ ನಮ್ಮ ಸಾಮಾನು ಹೊರುವ ಬಡವನಿಗೆ ಸಂಬಳ ಎಷ್ಟು, ಬೂಟು ಇದೆಯಾ ಅಂತ ಕೇಳದಿದ್ದರೆ ಹೇಗೆ? ಎಡ್ಮಂಡ್ ಹಿಲರಿ ಈ ವಿಷಯದಲ್ಲಿ ಮಾದರಿ. 1960ರಲ್ಲಿ ಹಿಮಾಲಯನ್ ಟ್ರಸ್ಟ್ ಶುರು ಮಾಡಿ, 1961ರಲ್ಲಿ ಖುಮ್‌ಜುಂಗ್ ಊರಿನಲ್ಲಿ ಶೇರ್ಪಾ ಮಕ್ಕಳಿಗೆ ಶಾಲೆ ಕಟ್ಟಿಸಿದರು. ಯಾವ ಬೆಟ್ಟ ಅವರಿಗೆ ಹೆಸರು ಕೊಟ್ಟಿತೋ ಆ ಬೆಟ್ಟದ ಜನಕ್ಕೇ ಹಣ ಹೋಯಿತು.

ದುಡ್ಡು ಹೋಗೋ ದಾರಿ

ಇಲ್ಲಿ ನಾಲ್ಕು ವಿಷಯ ನೆನಪಿರಲಿ.

ಒಂದು, ನಿಮ್ಮ ಸ್ವಂತ ಯುಪಿಐಗೆ ಹಣ ಹಾಕಿಸಿಕೊಳ್ಳಬೇಡಿ. ಆಮೇಲೆ ನೀವು ಒಟ್ಟಿಗೆ ಟ್ರಸ್ಟಿಗೆ ಕಳಿಸಿದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತೆ, ಕೊಟ್ಟವರಿಗೆ 80ಜಿ ರಿಯಾಯಿತಿ ಸಿಗಲ್ಲ. ಟ್ರಸ್ಟಿನ ಖಾತೆಗೇ ನೇರವಾಗಿ ಹೋಗಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೂ ರಿಯಾಯಿತಿ ಇಲ್ಲ.

ಎರಡು, ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗೆ 80ಜಿ ಲಾಭವೇ ಇಲ್ಲ. ನಮ್ಮಲ್ಲಿ ಬಹಳ ಜನ ಈಗ ಅದರಲ್ಲೇ ಇದ್ದೀವಿ. "ಟ್ಯಾಕ್ಸ್ ಉಳಿಯುತ್ತೆ" ಅಂತ ಹೇಳಿ ದೇಣಿಗೆ ಕೇಳೋ ಮುಂಚೆ ಇದು ಗೊತ್ತಿರಲಿ.

ಮೂರು, ಅಮೆರಿಕದ ಕಸಿನ್ನು. ಭಾರತದ ಪಾಸ್‌ಪೋರ್ಟ್ ಇರೋ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಆದರೆ ಅಲ್ಲಿನ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು.

ನಾಲ್ಕು, ಕಂಪನಿ. "ಎಚ್‌ಆರ್ ಸಿಎಸ್‌ಆರ್‌ನಲ್ಲಿ ಟ್ರೆಕ್ ಸ್ಪಾನ್ಸರ್ ಮಾಡ್ತಾರೆ" ಅನ್ನೋ ಮಾತು ಕೇಳಿರ್ತೀರಿ. ಮ್ಯಾರಥಾನ್‌ನಂಥ ಒಂದು ಸಲದ ಕಾರ್ಯಕ್ರಮಗಳು ಸಿಎಸ್‌ಆರ್ ಖರ್ಚಿಗೆ ಸೇರಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಟೀಶರ್ಟು, ಬ್ಯಾನರ್ ಬಿಡಿ. ನೌಕರರು ಎತ್ತಿದಷ್ಟೇ ಹಣವನ್ನು ಕಂಪನಿಯೂ ಕೊಡೋ ಪದ್ಧತಿ ಇದೆಯಾ ಅಂತ ಕೇಳಿ. ಅದಿದ್ದರೆ 1 ರೂಪಾಯಿ 2 ಆಗುತ್ತೆ.

ಹಾಗಾದರೆ ನಮ್ಮ ಬೆಟ್ಟ ಯಾವುದು?

ನನ್ನ ಅಭಿಪ್ರಾಯ: ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿರೋ ನಮಗೆ ಮೊದಲ ಬೆಟ್ಟ ಕಳಸೂಬಾಯಿ. 1,646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದ್ರೆ ಇದು 284 ಮೀಟರ್ ಗಿಡ್ಡ. ಮುಳ್ಳಯ್ಯನಗಿರಿಯ ತುದಿ ಹತ್ತಿರದ ತನಕ ರಸ್ತೆ ಇದೆ. ಇಲ್ಲಿ ಬಾರಿ ಗ್ರಾಮದಿಂದ ಕಾಲ್ನಡಿಗೆಯಲ್ಲೇ ಹತ್ತಬೇಕು, ಕಡಿದಾದ ಕಡೆ ಕಬ್ಬಿಣದ ಏಣಿಗಳು. ಕುರ್ಚಿಯಲ್ಲಿ ಕೂತು ಕೆಲಸ ಮಾಡೋ ಮಂಡಿಗೆ ಇದು ತಮಾಷೆ ಅಲ್ಲ. ಠಾಣೆಯಿಂದ ಕಸಾರಾ ಲೋಕಲ್, ಅಲ್ಲಿಂದ ಜೀಪು. ವಿಮಾನ ಬೇಡ, ಎತ್ತರದ ಕಾಯಿಲೆಯ ಭಯ ಇಲ್ಲ. ಕೆಳಗೆ ಊರಿನ ಮನೆಯಲ್ಲೇ ಪಿಠಲ-ಭಾಕರಿ ಊಟ ಮಾಡಿದರೆ ಆ ದುಡ್ಡೂ ಅಲ್ಲೇ ಉಳಿಯುತ್ತೆ.

ಇನ್ನೂ ದೊಡ್ಡ ಕಾರಣ ದಾರಿಯಲ್ಲಿದೆ. ಕಸಾರಾ ಲೋಕಲ್ ಹಾದು ಹೋಗೋದು ಶಹಾಪುರ ತಾಲೂಕಿನಲ್ಲಿ. ಭಾತ್ಸಾ, ತಾನ್ಸಾ ಜಲಾಶಯಗಳು ಇರೋದು ಅಲ್ಲೇ. ಮುಂಬೈಗೂ ನಮ್ಮ ಠಾಣೆಗೂ ನೀರು ಆ ಕಡೆಯಿಂದ ಬರುತ್ತೆ. ಅದೇ ತಾಲೂಕಿನ ಎಷ್ಟೋ ಹಾಡಿಗಳಿಗೆ ಪ್ರತಿ ಬೇಸಿಗೆ ಟ್ಯಾಂಕರ್ ಬರಬೇಕು. ಹೆಂಗಸರು ತಲೆ ಮೇಲೆ ಎರಡು ಮೂರು ಕೊಡ ಇಟ್ಟುಕೊಂಡು ಗುಡ್ಡ ಹತ್ತಿ ಇಳೀತಾರೆ. ಅವರು ಹತ್ತಿದ್ದಕ್ಕೆ ಯಾರೂ ಲಿಂಕ್ ಕಳಿಸಲ್ಲ, ಮೆಡಲ್ ಕೊಡಲ್ಲ.

ಕಳಸೂಬಾಯಿ ಹತ್ತಿ ಎತ್ತಿದ ಹಣ ಆ ನೀರಿಗೆ ಹೋದರೆ ಶ್ರಮಕ್ಕೂ ಉದ್ದೇಶಕ್ಕೂ ಸಂಬಂಧ ಕೂಡುತ್ತೆ. ನಾವು ಒಂದು ದಿನ ಖುಷಿಗೆ ಹತ್ತೋದನ್ನು ಅವರು ದಿನಾ ಕೊಡ ಹೊತ್ತು ಹತ್ತುತ್ತಾರೆ. ಇದನ್ನು ಸರಳವಾಗಿ ಹೇಳಿದರೆ ಕೊಡೋರಿಗೆ ಅರ್ಥ ಆಗುತ್ತೆ.

ಕೊಡೋ ಮುಂಚೆ ಸಂಸ್ಥೆಗೆ ಮೂರು ಪ್ರಶ್ನೆ ಕೇಳಿ. ಯಾವ ಹಾಡಿಗೆ, ಎಷ್ಟು ಮನೆಗೆ? ಟಾಕಿ ಕಟ್ಟಿದ ಮೇಲೆ ಪಂಪಿನ ಕರೆಂಟ್ ಬಿಲ್ಲು, ರಿಪೇರಿ ಯಾರ ಜವಾಬ್ದಾರಿ? ಎರಡು ವರ್ಷದ ನಂತರ ನಲ್ಲಿಯಲ್ಲಿ ನೀರು ಬರ್ತಿದೆಯಾ ಅಂತ ಯಾರು ನೋಡ್ತಾರೆ? ಸಾಫ್ಟ್‌ವೇರ್‌ನಲ್ಲಿ ರಿಲೀಸ್ ಮಾಡಿದ ಮೇಲೆ ಮೇಂಟೆನನ್ಸ್‌ಗೆ ಯಾರೂ ಇಲ್ಲದಿದ್ದರೆ ಏನಾಗುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ನೀರಿನ ಟಾಕಿಗೂ ಅದೇ ಗತಿ. ಟಾಕಿ ಮುಂದೆ ಫೋಟೋ ತೆಗೆಸಿಕೊಳ್ಳೋದಕ್ಕಿಂತ ಮೂರು ವರ್ಷದ ಕರೆಂಟ್ ಬಿಲ್ಲಿಗೆ ಹಣ ಇಡೋದು ಹೆಚ್ಚು ಉಪಯೋಗ.

ಹಿಮಾಲಯಕ್ಕೆ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ನಿಮ್ಮ ಖರ್ಚಿನಲ್ಲಿ ಹೋಗಿ, ಹುಷಾರಾಗಿ ಬನ್ನಿ. ಜೊತೆಗೆ ದೇಣಿಗೆ ಕೇಳಿದರೆ ಲೆಕ್ಕ ಕೊಡಿ: ಎಷ್ಟು ಬಂತು, ಎಷ್ಟು ತಲುಪಿತು, ಏನಾಯಿತು. ಒಂದು ಹಾಳೆ ಸಾಕು. ದೊಡ್ಡಪ್ಪನಂಥವರು ಕೊಡಲ್ಲ ಅನ್ನೋರಲ್ಲ. ಅವರಿಗೆ ಬೇಕಾಗಿರೋದು ಆ ಒಂದು ಹಾಳೆ.

ಮುಂದಿನ ಮಾತಿನಲ್ಲಿ ಸಿಗೋಣ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಟ್ರೆಕ್ ಲಿಂಕ್ ಕಳಿಸಿದ್ದರೆ ಇದನ್ನು ಅವರಿಗೂ ಕಳಿಸಿ.